ಮರುಳಸಿದ್ದಯ್ಯನ ಹೆಸರಿನ ರಕ್ತ

ಒಂಬತ್ತನೇ ಕಂತು

“ನಲವತ್ತೆಂಟಾ? ಸರಿಯಾಗ್ ನೋಡೇ ಆಯೇಷಾ! ಇನ್ನೊಂದ್ಸಲ ನೋಡು!”

ಹೊನ್ನವಳ್ಳಿ ರಸ್ತೆಯ ಮೋರಿ ಕಟ್ಟೆಯ ಮೇಲೆ ಶಿಫಾ ತುದಿಗಾಲಲ್ಲಿ ನಿಂತಿದ್ದಳು. ಕಟ್ಟೆಯಿಂದ ಇಳಿದರೆ ಮೊಬೈಲಿಗೆ ಸಿಗ್ನಲ್ಲೇ ಇಲ್ಲ. ಮೇಲೆ ನಿಂತರೂ ಒಂದೇ ಕಡ್ಡಿ, ಅದೂ ಬಂದು ಬಂದು ಹೋಗುತ್ತಿತ್ತು. ಸೋನೆಗೆ ಒದ್ದೆಯಾದ ದುಪಟ್ಟಾವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಫೋನನ್ನು ಕಿವಿಗೆ ಒತ್ತಿಕೊಂಡಳು.

“ಅರೇ, ಎರಡ್ಸಲ ಮಷಿನ್‌ಗೆ ಹಾಕ್ದೆ ಕಣೇ,” ಎಂದಳು ಬೆಂಗಳೂರಿನ ಲ್ಯಾಬಿನಲ್ಲಿ ಕೆಲಸ ಮಾಡುವ ಗೆಳತಿ ಆಯೇಷಾ. “ನಲವತ್ತೆಂಟೇ. ನಿಂದು ನಂದು ತೆಗೆದ್ರೂ ಹೆಚ್ಚುಕಮ್ಮಿ ಇಷ್ಟೇ ಬರೋದು. ಹೋರಿ ಥರ ಹೃದಯ ಈ ಮನುಷ್ಯಂದು. ಯಾರೇ ಇದು, ಪೈಲ್ವಾನಾ?”

“ಸತ್ತೋಗವ್ರೆ ಕಣೇ.”

“ಹಾಂ? ಏನಾಗಿ?”

“ಶ್ವಾಸಕೋಶದ ಬಿಪಿಯಿಂದ ಅಂತ ಬರೆದವ್ರೆ!”

“ಸಾಧ್ಯಾನೇ ಇಲ್ಲ!” ಎಂದು ಆಯೇಷಾ ಕಿರುಚಿದ್ದು ಕೇಳಿಸಿತು. ಅಷ್ಟಕ್ಕೇ ಇದ್ದ ಒಂದು ಕಡ್ಡಿಯೂ ಹೋಯಿತು.

ಶಿಫಾ ಕಟ್ಟೆಯಿಂದ ಧುಮುಕಿದಳು. ಕೊಬ್ಬರಿ ಬೆಳೆಗಾರ ಮರುಳಸಿದ್ದಯ್ಯ ತಮ್ಮದೇ ತೋಟದ ಹೊಗೆಮನೆಯಲ್ಲಿ ಬಿದ್ದು, ಅದೇ ದಿನ ಆಸ್ಪತ್ರೆಯಲ್ಲಿ ಸತ್ತಿದ್ದರು. “ನಮ್ಮನೆಯೋರು ಕಾಯ್ಲೆಯಿಂದ ಸತ್ತಿಲ್ಲ” ಎಂದು ಶಿಫಾಳನ್ನು ಕರೆಸಿದ್ದ ಅವರ ಹೆಂಡತಿ ಗುರುಶಾಂತಮ್ಮ, ಅದು ನಿಮಗೆ ಹೇಗೆ ಗೊತ್ತು ಎಂದರೆ ಮಾತ್ರ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು.

ಇವತ್ತು ಆ ಬೀಗ ತೆಗೆಯಬೇಕು.

“ಏನಂತೆ ತಾಯಿ?” ಬೈಕಿನ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದ ಪರಮೇಶ್ ಕೇಳಿದ. ಜಿಲ್ಲಾ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವವನು. ಶಿಫಾ ನಡೆಸುವ, ತಿಪಟೂರಿನ ಏಕೈಕ ಖಾಸಗಿ ಪತ್ತೇದಾರಿ ಆಫೀಸಿನಲ್ಲಿ, ಅಂದರೆ ಅವಳಪ್ಪ ಮೆಹಬೂಬ್ ಪಾಷಾರ ಗ್ಯಾರೇಜಿನ ಮಹಡಿಯಲ್ಲಿ, ಅವಳ ಎದುರಿನ ಕುರ್ಚಿ ಅವನದೇ. ಕೊಲೆಯ ಸುದ್ದಿಯನ್ನು ಇಡ್ಲಿ ತಿನ್ನುತ್ತಾ ಬರೆಯುವ ಮನುಷ್ಯ, ಸೂಜಿ ಕಂಡರೆ ಮಾತ್ರ ಬೆವರುತ್ತಿದ್ದ.

“ಆಸ್ಪತ್ರೆಗೆ ಸೇರಿಸಿದ ದಿನ ತೆಗೆದ ರಕ್ತ ಮಿಕ್ಕಿತ್ತಲ್ಲ, ಅದರ ರಿಸಲ್ಟ್ ಬಂತು. ನಲವತ್ತೆಂಟು!”

“ಪಾಸಾ ಫೇಲಾ?”

“ಲೋ! ಸಾಯೋಕೆ ತಿಂಗ್ಳ ಮುಂಚೆ ಇದೇ ಮರುಳಸಿದ್ದಯ್ಯನೋರ ಹೆಸ್ರಲ್ಲಿ ಹೋದ ರಕ್ತದಲ್ಲಿ ಎಷ್ಟಿತ್ತು? ಮೂರು ಸಾವಿರದ ಎಂಟುನೂರು! ಅದನ್ನ ನೋಡ್ಕಂಡೇ ಡಾಕ್ಟ್ರು ಕಾಯಿಲೆ ಸಾವು ಅಂತ ಬರೆದಿದ್ದು.”

ಪರಮೇಶನ ಬಾಯಿಗೆ ಹೋಗುತ್ತಿದ್ದ ಕಡಲೆಬೀಜ ಅಲ್ಲೇ ನಿಂತಿತು. “ನಂಗ್ ಅರ್ಥ ಆಗೋ ಹಂಗೆ ಹೇಳು. ಬಿಪಿ ಅಂದ್ರೆ ತೋಳಿಗೆ ಪಟ್ಟಿ ಕಟ್ಟಿ ಬುಸುಬುಸು ಗಾಳಿ ಒತ್ತೋದಲ್ವಾ? ಅದಕ್ಕೆ ರಕ್ತ ಯಾಕೆ?”

“ಅದು ಮೈಯ ಬಿಪಿ. ಇದು ಶ್ವಾಸಕೋಶದೊಳಗಿನ ಬಿಪಿ. ತೋಳಿಗೆ ಎಷ್ಟು ಪಟ್ಟಿ ಕಟ್ಟಿದ್ರೂ ಸಿಗಲ್ಲ. ನಿಮ್ಮ ಬೋರ್‌ವೆಲ್ ಪೈಪಲ್ಲಿ ಪಾಚಿ ಕಟ್ಕಂಡ್ರೆ ಮೋಟ್ರು ಏನಾಗುತ್ತೆ?”

“ಉಸಿರು ಕಟ್ಕಂಡು ತಳ್ಳುತ್ತೆ. ಬಿಸಿ ಆಗುತ್ತೆ. ಕೊನೆಗೆ ಸುಟ್ಟೋಗುತ್ತೆ.”

“ಹೃದಯದ ಬಲಗಡೆ ಭಾಗಾನೂ ಅಷ್ಟೇ. ಶ್ವಾಸಕೋಶದ ರಕ್ತನಾಳ ಕಿರಿದಾದ್ರೆ ಜೋರಾಗಿ ತಳ್ಳಬೇಕು. ತಳ್ಳಿ ತಳ್ಳಿ ಹಿಗ್ಗುತ್ತೆ. ಹಿಗ್ಗಿದಾಗ ರಕ್ತಕ್ಕೆ ಒಂದ್ ವಸ್ತು ಬಿಡುತ್ತೆ, ಎನ್‌ಟಿ-ಪ್ರೊಬಿಎನ್‌ಪಿ ಅಂತ. ಕಷ್ಟ ಜಾಸ್ತಿ ಆದಷ್ಟೂ ಅದೂ ಜಾಸ್ತಿ. ಎದೆ ಕೊಯ್ಯದೇ ಒಳಗಿನ ಕಷ್ಟ ಗೊತ್ತಾಗುತ್ತೆ. ತಿಪಟೂರಿನ ಲ್ಯಾಬೋರು ರಕ್ತ ಬೆಂಗ್ಳೂರಿಗೆ ಕಳ್ಸಿ ಮಾಡಿಸೋ ಪರೀಕ್ಷೆ ಇದು.”

“ಮಾತ್ರೆ ತಗಂಡು ತಿಂಗ್ಳಲ್ಲಿ ಇಳಿಸ್ಕಂಡಿರಬಾರ್ದಾ?”

“ಅವ್ರು ಒಂದ್ ಮಾತ್ರೆನೂ ನುಂಗಿಲ್ಲ. ನುಂಗಿದ್ರೂ ಈ ಪಾಟಿ ಇಳಿಯಲ್ಲ. ಸಾಯೋ ದಿನ ಬೆಳಿಗ್ಗೆ ಅಟ್ಟ ಹತ್ತಿ ಕಾಯಿ ಎಸೆದ ಮನುಷ್ಯ ಅವ್ರು!”

“ಆದ್ರೆ ರಕ್ತದ ಗುಂಪು ಎರಡ್ರಲ್ಲೂ ಒಂದೇ ಅಂದಿದ್ದೆ?”

“ಅದೇ ನನ್ನ ಕಣ್ಣು ಕಟ್ಟಿದ್ದು ಪರಮೇಶ. ಎರಡೂ ಬಿ ಪಾಸಿಟಿವ್. ಒಬ್ರದ್ದೇ ಅಂದ್ಕಂಡ್ಬುಟ್ಟೆ. ಒಂದೇ ಮನೇಲಿ ಇಬ್ರಿಗೆ ಒಂದೇ ಗುಂಪಿದ್ರೆ?”

ಪರಮೇಶ್ ಕಡಲೆಕಾಯಿ ಪೊಟ್ಟಣವನ್ನು ಜೇಬಿಗೆ ತುರುಕಿದ. ಅವನಿಗೂ ಈಗ ಬಿಸಿ ಹತ್ತಿತ್ತು. “ಅಂದ್ರೆ ಆ ಮೊದಲ್ನೇ ರಕ್ತ ಮರುಳಸಿದ್ದಯ್ಯಂದಲ್ಲ. ಬೇರೆ ಯಾರದ್ದೋ.”

“ಹೂಂ. ಆ ಯಾರೋ ಇನ್ನೂ ಬದುಕವ್ರೆ. ಎದ್ದು ಓಡಾಡ್ತಾ ಅವ್ರೆ. ಅವರ ಹೃದಯ ದಿನಾ ಒಂಚೂರು ಸೋಲ್ತಾ ಐತೆ. ಔಷಧಿ ಇಲ್ಲ, ಡಾಕ್ಟ್ರಿಲ್ಲ. ಯಾಕಂದ್ರೆ ಕಾಯಿಲೆ ಸತ್ತವರ ಹೆಸ್ರಲ್ಲಿ ಮಣ್ಣಾಗೋಯ್ತು!” ಶಿಫಾ ಬೈಕಿನ ಹಿಂದೆ ಹಾರಿ ಕೂತಳು. “ಕೊಂದೋರು ನಾಳೆ ಸಿಕ್ಲಿ. ಈ ರಕ್ತದೋರು ಇವತ್ತೇ ಸಿಗಬೇಕು. ನಡಿ!”

* * *

ತೋಟದ ಬಾಯಲ್ಲಿ ಆಳು ದುರ್ಗಯ್ಯ ನೆಟ್ಟ ಕಬ್ಬಿಣದ ಮೊನೆಗೆ ಕಾಯಿ ಚುಚ್ಚಿ ಸಿಪ್ಪೆ ಸುಲಿಯುತ್ತಿದ್ದ. “ಅವ್ವಾರು ಒಳಗವ್ರೆ. ಸದಾಶಿವಯ್ಯಾರೂ ಬಂದವ್ರೆ,” ಎಂದು ತಲೆ ಎತ್ತದೆ ಹೇಳಿದ. ಅಂಗಳದಲ್ಲಿ ಬಿಳಿ ಓಮ್ನಿ ನಿಂತಿತ್ತು.

ಶಿಫಾ ಮನೆಗೆ ಹೋಗಲಿಲ್ಲ. ನೇರವಾಗಿ ಹೊಗೆಮನೆಗೆ ನಡೆದಳು.

ಮನೆಯ ಹಿಂದೆ ಒಂದೇ ಬಾಗಿಲಿನ, ಕಿಟಕಿಯಿಲ್ಲದ ಕಟ್ಟಡ. ಮೇಲೆ ಅಡಿಕೆ ದಬ್ಬೆಯ ಅಟ್ಟ, ಅಟ್ಟದ ತುಂಬ ಸಿಪ್ಪೆ ಸಮೇತ ತೆಂಗಿನಕಾಯಿ. ಹೆಚ್ಚುಕಮ್ಮಿ ಒಂದು ವರ್ಷ ಅಲ್ಲೇ ಕೂತು ನೀರು ಇಂಗಿ, ಒಳಗಿನ ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿ ಆಗಬೇಕು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಿರಲೆಂದು ಕೆಳಗೆ ಸಿಪ್ಪೆ ಹೊತ್ತಿಸಿ ಸಣ್ಣ ಹೊಗೆ ಹಾಕುತ್ತಾರೆ. ಆ ಸಣ್ಣ ಹೊಗೆಯಲ್ಲೇ ಮರುಳಸಿದ್ದಯ್ಯ ಬಿದ್ದಿದ್ದರು.

“ಇಷ್ಟ್ ದಿನ ನಾವು ಏನಂದ್ಕಂಡಿದ್ವಿ?” ಶಿಫಾ ಪಟಪಟನೆ ಮಾತಾಡುತ್ತಲೇ ಬಾಗಿಲಿನ ಸುತ್ತ ತಿರುಗಿದಳು. “ಕಾಯಿಲೆ ಮನುಷ್ಯ, ಹೊಗೆ ತಡೀಲಿಲ್ಲ, ಬಿದ್ರು. ಈಗ ಕಾಯಿಲೆ ತೆಗೆದು ಆಚೆ ಇಡು. ಹೋರಿ ಥರ ಇದ್ದ ಮನುಷ್ಯ. ಹೊಗೆ ದಟ್ಟ ಆಯ್ತು. ಏನ್ ಮಾಡ್ತಾರೆ?”

“ಎದ್ದು ಈಚೆಗೆ ಬತ್ತಾರೆ.”

“ಬರಲಿಲ್ಲ. ಯಾಕೆ?”

ಪರಮೇಶ್ ಬಾಗಿಲು ನೋಡಿದ. ಒಳಗೆ ಅಗುಳಿ ಇರಲಿಲ್ಲ. ಚಿಲಕ ಇದ್ದದ್ದು ಹೊರಗೆ ಮಾತ್ರ.

ಶಿಫಾ ಆಗಲೇ ಬಾಗಿಲಿನ ಒಳಮೈಗೆ ಟಾರ್ಚು ಹಿಡಿದಿದ್ದಳು. ಹಲಗೆಯ ಮೇಲೆ ವರ್ಷಗಳ ಮಸಿ, ಎಣ್ಣೆ ಹಚ್ಚಿದ ಹಾಗೆ ಕಪ್ಪಗೆ ಹೊಳೆಯುತ್ತಿತ್ತು. ಎದೆಯೆತ್ತರದಲ್ಲಿ ಮಾತ್ರ ಮಸಿ ಒರೆಸಿಹೋಗಿತ್ತು. ಒಂದು ಅಂಗೈ. ಅದರ ಪಕ್ಕ ಇನ್ನೊಂದು. ಅವುಗಳ ಕೆಳಗೆ ಮತ್ತೆ ಅಂಗೈ, ಮೊಣಕಾಲಿನ ಮಟ್ಟದಲ್ಲಿ. ಅದರಿಂದಾಚೆಗೆ ಬೆರಳುಗಳು ನೆಲದವರೆಗೆ ಎಳೆದ ಗೆರೆ.

ನಿಂತು ಬಡಿದಿದ್ದಾರೆ. ಕೂತು ಬಡಿದಿದ್ದಾರೆ. ಆಮೇಲೆ ಜಾರಿದ್ದಾರೆ.

“ಯಪ್ಪಾ...” ಎಂದ ಪರಮೇಶ್.

“ಹೊರಗಿಂದ ಚಿಲಕ ಹಾಕವ್ರೆ ಪರಮೇಶ,” ಶಿಫಾಳ ದನಿ ಪಿಸುಮಾತಿಗೆ ಇಳಿಯಿತು.

“ಯಾರು ಹಾಕವ್ರೆ?”

ಕೇಳಿದ್ದು ಪರಮೇಶ್ ಅಲ್ಲ. ಬೆನ್ನ ಹಿಂದೆ ಮರುಳಸಿದ್ದಯ್ಯನವರ ತಮ್ಮ ಸದಾಶಿವಯ್ಯ ನಿಂತಿದ್ದರು. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವರು. ಹಣೆ ತುಂಬ ವಿಭೂತಿ, ಕೈಯಲ್ಲಿ ಒಂದು ಒಣಕಾಯಿ. ಮಾತಾಡುವಾಗಲೂ ಅದನ್ನು ಕಿವಿಯ ಹತ್ತಿರ ಅಲ್ಲಾಡಿಸುವುದು ಅವರ ಚಾಳಿ. ಗಡಗಡ ಎಂದರೆ ಒಳಗಿನ ಉಂಡೆ ಬಲಿತಿದೆ ಎಂದರ್ಥ.

“ಪಾಷಾ ಸಾಬ್ರ ಮಗಳಲ್ವಾ ನೀನು? ನಿಮ್ಮಪ್ಪನ ಗ್ಯಾರೇಜಲ್ಲಿ ಸ್ಪ್ಯಾನರ್ ಹಿಡಿಯೋದ್ ಬುಟ್ಟು ಸತ್ತೋರ ಹಿಂದೆ ಯಾಕಮ್ಮ ಬಿದ್ದಿದ್ದೀಯ?”

“ನಮ್ಮ ಅಬ್ಬಾ ಇಂಜಿನ್ ಸದ್ದು ಕೇಳಿ ಎಲ್ಲಿ ಕೆಟ್ಟೈತೆ ಅಂತಾರೆ. ನೀವು ಕಾಯಿ ಅಲ್ಲಾಡಿಸಿ ಒಳಗೇನೈತೆ ಅಂತೀರ. ನಾನು ರಕ್ತದಲ್ಲಿ ನೋಡ್ತೀನಿ ಅಷ್ಟೇ ಸಾರ್. ಕಸುಬು ಒಂದೇ.”

“ಏನ್ ಕಾಣ್ತಮ್ಮ ರಕ್ತದಲ್ಲಿ?”

“ನಿಮ್ಮಣ್ಣನಿಗೆ ಯಾವ ಕಾಯಿಲೆನೂ ಇರಲಿಲ್ಲ ಅಂತ.”

ಸದಾಶಿವಯ್ಯ ನಕ್ಕರು. “ಆ ರಿಪೋರ್ಟ್ ಲ್ಯಾಬಿಂದ ತಂದಿದ್ದೇ ನಾನು ಕಣಮ್ಮ. ಡಾಕ್ಟ್ರ ಮುಂದೆ ಕೂತು ಓದಿಸಿದೋನೂ ನಾನೇ. ಹೆಚ್ಚು ದಿನ ಇಲ್ಲ ಅಂದ್ರು. ಅವತ್ತು ಮಂಡಿ ಬಾಗ್ಲು ಹಾಕ್ಕಂಡು ಮನೆಗೆ ಬಂದೋನು ಅನ್ನ ಮುಟ್ಟಿಲ್ಲ ನಾನು.”

“ಅದು ಅವರ ರಕ್ತ ಅಲ್ಲ ಸಾರ್.”

ಅಲ್ಲಾಡುತ್ತಿದ್ದ ಕಾಯಿ ನಿಂತಿತು.

“ಸತ್ತ ದಿನದ ರಕ್ತ ಪರೀಕ್ಷೆ ಮಾಡ್ಸಿದ್ದೀನಿ. ಒಳ್ಳೆ ಜೋರಾಗಿತ್ತು ಹೃದಯ. ಇನ್ನೂ ಇಪ್ಪತ್ತು ವರ್ಷ ಅಟ್ಟ ಹತ್ತೋರು.”

“ಏನಂದೆ?”

“ಇಪ್ಪತ್ತು ವರ್ಷ ಅಂದೆ.”

ಕಾಯಿ ಸದಾಶಿವಯ್ಯನವರ ಕೈಯಿಂದ ಬಿದ್ದು ಉರುಳಿಕೊಂಡು ಹೋಯಿತು. ಅವರ ಮುಖದಿಂದ ರಕ್ತ ಇಳಿದುಹೋದದ್ದನ್ನು ಶಿಫಾ ಕಣ್ಣಾರೆ ಕಂಡಳು. ನಟನೆಯಲ್ಲ. ಈ ಮನುಷ್ಯನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅಣ್ಣ ಹೇಗೂ ಸಾಯುವವನು ಎಂದು ಇವತ್ತಿನವರೆಗೂ ನಂಬಿಕೊಂಡೇ ಇದ್ದವನು.

“ಅವತ್ತು ನಿಮ್ಮಣ್ಣನ್ನ ಮೊದ್ಲು ಕಂಡೋರು ನೀವೇ. ನೀವು ಬಂದಾಗ ಬಾಗ್ಲು ಹೆಂಗಿತ್ತು ಸಾರ್?”

“ತ... ತೆಗ್ದಿತ್ತು. ಅಣ್ಣ ಬಿದ್ದಿದ್ದ. ಅಲ್ಲಾಡ್ತಾ ಇರಲಿಲ್ಲ. ಹೊತ್ಕಂಡು ಗಾಡಿಗೆ ಹಾಕಿದೆ.” ಅವರು ಬಾಗಿಲಿನ ಒಳಮೈ ಕಡೆಗೆ ನೋಡಲೇ ಇಲ್ಲ. ಟಾರ್ಚಿನ ಬೆಳಕು ಬಿದ್ದಿದ್ದೇ ಅಲ್ಲಿ. ಎಂಥವರಿಗೂ ಕಣ್ಣು ಅತ್ತ ಹೋಗಬೇಕಿತ್ತು.

“ಅಲ್ಲಾಡ್ತಾನೇ ಇರಲಿಲ್ವಾ?”

“ಇರಲಿಲ್ಲ ಅಂದ್ನಲ್ಲಮ್ಮಾ!”

ಮುಂದಿನ ಪ್ರಶ್ನೆ ಶಿಫಾಳ ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಗುರುಶಾಂತಮ್ಮ ಸೆರಗು ಹೊದ್ದು ಹಿತ್ತಿಲಿಗೆ ಬಂದರು. ಜೊತೆಗೆ ಮಗಳು ವರ್ಷಿಣಿ. ಇಪ್ಪತ್ತೆರಡರ ಹುಡುಗಿ, ತೆಳ್ಳಗೆ, ದೊಡ್ಡ ಕಣ್ಣು. ಮದುವೆ ಗೊತ್ತಾಗಿತ್ತು. ಅಪ್ಪ ಸತ್ತ ವರ್ಷದೊಳಗೇ ಧಾರೆ ಆಗಿಬಿಡಬೇಕೆಂದು ಹಿರಿಯರು ಮುಂದಿನ ತಿಂಗಳಿಗೇ ದಿನ ನೋಡಿದ್ದರು.

“ಬಂದೋರ್ನ ಹೊಗೆಮನೆ ಮುಂದೆ ನಿಲ್ಲಿಸ್ಕಂಡಿದ್ದೀಯಲ್ಲ ಸದಾಶಿವ,” ಎಂದ ಗುರುಶಾಂತಮ್ಮ ಶಿಫಾಳ ಕಡೆ ತಿರುಗಿದರು. “ಕಾಫಿ ಕುಡ್ದು ಹೋಗವ್ವ. ಹಂಗೇ ನಾಕು ಉಂಡೆ ಕೊಬ್ರಿ ತಗಂಡೋಗು, ನಿಮ್ಮಮ್ಮಂಗೆ.”

“ನಾನ್ ತತ್ತೀನಿ,” ಎಂದು ವರ್ಷಿಣಿ ಹೊಗೆಮನೆಯೊಳಗಿನ ಅಟ್ಟದ ಏಣಿಯ ಕಡೆ ನಡೆದಳು.

“ನೀನ್ ಬ್ಯಾಡ! ದುರ್ಗಯ್ಯ ಹತ್ತಲಿ!”

ದನಿ ಎಷ್ಟು ಜೋರಾಗಿ ಬಂತೆಂದರೆ, ಕೂಗಿದ ಗುರುಶಾಂತಮ್ಮನೇ ಬೆಚ್ಚಿದರು. ಶಿಫಾ ಕತ್ತು ತಿರುಗಿಸಿದಳು. ನಾಲ್ಕು ಕಾಯಿ ತರಲು ಅಟ್ಟ ಹತ್ತುವುದಕ್ಕೆ ಇಷ್ಟು ಗಾಬರಿ?

“ಯಾವಾಗ್ಲೂ ಇದೇ ಕಣಕ್ಕ,” ವರ್ಷಿಣಿ ಶಿಫಾಳನ್ನು ನೋಡಿ ಸಿಡುಕಿದಳು. “ನೀರು ಸೇದ್ಬೇಡ, ಅಟ್ಟ ಹತ್ತಬೇಡ. ಗಾಜಿನ ಬಳೇನಾ ನಾನು? ಒಂಚೂರು ರಕ್ತ ಕಮ್ಮಿ ಅಷ್ಟೇಯ.”

ಹಟಕ್ಕೆ ಬಿದ್ದು ಸರಸರ ಹತ್ತಿದಳು.

ಏಣಿಯ ಅರ್ಧಕ್ಕೆ ಸರಸರ ನಿಂತಿತು.

ವರ್ಷಿಣಿ ಏಣಿಯನ್ನು ತಬ್ಬಿಕೊಂಡಳು. ಬೆನ್ನು ಮೇಲೆ ಕೆಳಗೆ ಆಡುತ್ತಿತ್ತು, ಓಡಿ ಬಂದ ಕರುವಿನ ಹೊಟ್ಟೆಯ ಹಾಗೆ. ಒಂದು ಕೈ ಎದೆಗೆ ಹೋಯಿತು. “ಒಂದ್ನಿಮ್ಷ... ತಲೆ... ಒಂದ್ನಿಮ್ಷ ಇರಿ...”

ಶಿಫಾ ಓಡಿದಳು. ಪರಮೇಶ್ ಅವಳಿಗಿಂತ ಮುಂದೆ ಓಡಿದ. ಇಬ್ಬರೂ ಸೇರಿ ಹುಡುಗಿಯನ್ನು ಇಳಿಸಿ ಜಗಲಿಯ ಗಾಳಿಗೆ ಕರೆತಂದು ಕೂರಿಸಿದರು. ಶಿಫಾ ಮಂಡಿಯೂರಿದಳು. ತುಟಿಯ ಅಂಚು ನೇರಳೆ ಹಣ್ಣು ತಿಂದವರ ಹಾಗೆ. ಕತ್ತಿನ ನರ ಉಬ್ಬಿಕೊಂಡು ಮಿಡಿಯುತ್ತಿತ್ತು. ಪಾದದ ಮೇಲೆ ಬೆರಳೊತ್ತಿದಳು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು.

ಎಷ್ಟೋ ದಿನದಿಂದ ಹುಡುಕುತ್ತಿದ್ದ ಸುಳಿವೊಂದು ಕೈಗೆ ಬಂದರೆ ಶಿಫಾಳಿಗೆ ಕುಣಿಯುವ ಹಾಗಾಗುತ್ತಿತ್ತು. ಇವತ್ತು ಅವಳು ಹುಡುಗಿಯ ಪಾದವನ್ನು ಮೆಲ್ಲಗೆ ಕೆಳಗಿಟ್ಟಳು.

ಮೂರು ಸಾವಿರದ ಎಂಟುನೂರು ಇವಳದು!

“ನಿಂದು ಯಾವ ಬ್ಲಡ್ ಗ್ರೂಪು ವರ್ಷಿಣಿ?”

“ಬಿ ಪಾಸಿಟಿವ್. ಯಾಕಕ್ಕ?”

ಶಿಫಾ ತನ್ನ ಮೊಬೈಲ್ ನಂಬರನ್ನು ಹುಡುಗಿಯ ಫೋನಿಗೆ ಒತ್ತಿ ಕೊಟ್ಟಳು. “ಅಲ್ಲಾಡ್ದೆ ಕೂತಿರು. ಏನಾದ್ರೂ ಆದ್ರೆ ತಕ್ಷಣ ನಂಗೆ ಮಾಡು. ಸಾರ್, ಇವ್ಳನ್ನ ಒಂಚೂರು ನೋಡ್ಕಳಿ.” ಸದಾಶಿವಯ್ಯ ಕಂಬಕ್ಕೊರಗಿ ವರ್ಷಿಣಿಯನ್ನೇ ನೋಡುತ್ತಿದ್ದರು.

ಶಿಫಾ ಗುರುಶಾಂತಮ್ಮನ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು. ಪರಮೇಶ್ ಹಿಂದೆಯೇ ಬಂದು ಬಾಗಿಲಿಗೆ ಅಡ್ಡ ನಿಂತ.

“ಮಗಳ ರಕ್ತ ಅಪ್ಪನ ಹೆಸ್ರಲ್ಲಿ ಕಳ್ಸಿದ್ದು ಯಾಕಮ್ಮ?”

ಗುರುಶಾಂತಮ್ಮ ಒಲೆಯ ಕಟ್ಟೆ ಹಿಡಿದುಕೊಂಡರು. ಇಷ್ಟು ದಿನ ಬಿಗಿಹಿಡಿದ ಬಾಯಿ ತೆರೆಯಿತು.

“ಮದ್ವೆ ಗೊತ್ತಾಗಿತ್ತಲ್ಲವ್ವ! ಲಗ್ನಪತ್ರಿಕೆ ದಿನ ಮೆಟ್ಲು ಹತ್ತಿ ಬಿದ್ಲು. ಆಮೇಲೆ ನೀರು ತರಕೆ ಹೋದ್ರೂ ಏದುಸಿರು. ಡಾಕ್ಟ್ರಿಗೆ ತೋರ್ಸಣ ಅಂದ್ರೆ, ತಿಪಟೂರು ಎಷ್ಟಪ್ಪ ಐತೆ? ಲ್ಯಾಬಲ್ಲಿ ಕೂತಿರೋನು ಗಂಡಿನ ಕಡೇರಿಗೆ ಷಡ್ಡಕನ ಮಗ. ಹುಡ್ಗಿ ಹೆಸ್ರಲ್ಲಿ ರಕ್ತ ಹೋದ್ರೆ ಸಂಜೆಗೇ ಊರೆಲ್ಲಾ ಗೊತ್ತಾಗುತ್ತೆ. ಅದಕ್ಕೇ ನಮ್ಮನೆಯೋರೇ ಹೋಗಿ, ‘ನಂಗೇ ಏದುಸಿರು, ನಂಗೇ ಕಾಲ್ ಊತ’ ಅಂದ್ರು. ಡಾಕ್ಟ್ರು ಎದೆ ಮುಟ್ಟಿ ನೋಡಿ ಏನೂ ಕಾಣ್ದೆ, ರಕ್ತ ಕೊಡಿ ಅಂದವ್ರೆ. ಸಿಸ್ಟರಮ್ಮನ್ನ ಮನೆಗೆ ಕರ್ಸಿ ಇವ್ಳ ರಕ್ತ ತೆಗ್ಸಿ, ತಮ್ಮ ಹೆಸ್ರು ಅಂಟ್ಸಿ, ತಾವೇ ಕೊಟ್ಟು ಬಂದ್ರು.”

“ಡಾಕ್ಟ್ರಿಗಾದ್ರೂ ನಿಜ ಹೇಳಬಾರ್ದಿತ್ತಾ?”

“ಮದ್ವೆ ಆಗೋಗ್ಲಿ, ಆಮೇಲೆ ಬೆಂಗ್ಳೂರಿಗೆ ಕರ್ಕಂಡೋಗಣ ಅಂದ್ಕಂಡ್ವಿ. ಯಾರ್ ಮಾಡಲ್ಲ ಹೇಳು? ಹೆಣ್ಣೆತ್ತೋರು ಎಲ್ರೂ ಮಾಡೋದೇ. ಅವಳಿಗೆ ರಕ್ತ ಕಮ್ಮಿ ಅಂತ ಹೇಳಿದ್ವಿ.”

“ಅಮ್ಮಾ, ಸರಿಯಾಗಿ ಕೇಳಿಸ್ಕಳಿ.” ಶಿಫಾ ಆಕೆಯ ಎರಡೂ ತೋಳು ಹಿಡಿದಳು. “ಈ ಕಾಯಿಲೆ ಇಟ್ಕಂಡು ಅವಳು ಬಸುರಿ ಆದ್ರೆ, ತಾಯಿ ಉಳಿಯೋದೇ ಕಷ್ಟ. ಮದ್ವೆ ಆಮೇಲೆ ಅಲ್ಲ. ಇವತ್ತು. ಈಗ. ಹೃದಯದ ಸ್ಕ್ಯಾನ್ ಆಗ್ಬೇಕು, ಆಕ್ಸಿಜನ್ ಬೇಕು.”

ಗುರುಶಾಂತಮ್ಮ ಬಾಯಿಗೆ ಸೆರಗು ಒತ್ತಿಕೊಂಡರು.

“ಇನ್ನೊಂದ್ ಮಾತು. ನಿಮ್ಮನೆಯೋರು ಬಾಗ್ಲು ಬಡಿದವ್ರೆ. ಹೊರಗಿಂದ ಚಿಲಕ ಬಿದ್ದಿತ್ತು. ಅವರು ಕಾಯಿಲೆಯೋರು ಅಂತ ನಂಬಿದೋರಿಗೆ ಮಾತ್ರ ಅಂಥ ಧೈರ್ಯ ಬರೋದು. ಸತ್ರೆ ಕಾಯಿಲೆ ಮೇಲೆ ಹೋಗುತ್ತೆ, ಯಾರೂ ಕೇಳಲ್ಲ ಅಂತ. ರಿಪೋರ್ಟ್ ಸುಳ್ಳು ಅಂತ ನಿಮಗೆ ಗೊತ್ತಿತ್ತು. ನಿಜ ಅಂತ ನಂಬಿದೋರು ಯಾರಮ್ಮ?”

“ನಾವ್ ಯಾರಿಗೂ ಹೇಳಿಲ್ಲ ಕಣವ್ವ. ತಂದೋನು ಸದಾಶಿವ, ಅವನಿಗೊಬ್ನಿಗೇ...” ಮಾತು ಅರ್ಧದಲ್ಲಿ ಸತ್ತಿತು. ಆಕೆಯ ಕಣ್ಣು ನಿಧಾನವಾಗಿ ಅಗಲವಾಯಿತು. “ಗಳಗಳ ಅತ್ತ ಕಣವ್ವ ಅವ್ನು. ಅವತ್ತು... ಗಳಗಳ ಅತ್ತ...”

ಅಂಗಳದಲ್ಲಿ ಓಮ್ನಿ ಸ್ಟಾರ್ಟ್ ಆಯಿತು.

* * *

ಜಗಲಿ ಖಾಲಿ.

“ವರ್ಷಿಣವ್ವನ್ನ ಆಸ್ಪತ್ರೆಗೆ ಕರ್ಕಂಡೋಯ್ತೀನಿ ಅಂದ್ರು!” ದುರ್ಗಯ್ಯ ಸಿಪ್ಪೆ ರಾಶಿಯ ಮೇಲೆ ನಿಂತು ಕೂಗಿದ. “ಎತ್ಕಂಡೋಗಿ ಮಲಗ್ಸಿದ್ರು!”

“ತಿಪಟೂರ್ ಕಡೆಗಾ?”

“ಇಲ್ಲ ಕಣವ್ವ! ಅದೇ ನಂಗೂ ತಿಳೀಲಿಲ್ಲ. ಹುಳಿಯಾರ್ ಕಡೆ ತಿರುಗ್ಸಿದ್ರು!”

ಆಸ್ಪತ್ರೆ ಇರುವುದು ತಿಪಟೂರಿನಲ್ಲಿ. ಹುಳಿಯಾರಿನ ಆಚೆ ಇರುವುದು ಬೋರನಕಣಿವೆಯ ಕೆರೆ.

ಪರಮೇಶ್ ಬೈಕನ್ನು ಒದ್ದ. ಹತ್ತಲಿಲ್ಲ. ಮತ್ತೆ ಒದ್ದ. “ಹತ್ತೋ ನಿನ್ನಜ್ಜಿ!” ಎಂದು ಬೈದ ಮೇಲೆ ಹತ್ತಿತು. ಶಿಫಾ ಹಾರಿ ಕೂತದ್ದೇ ತಡ, ತೋಟದ ಕೆಸರು ಎರಡೂ ಕಡೆಗೆ ಎರಚಿತು.

“ಇಷ್ಟ್ ಜೋರಾಗಿ ಓಡಿಸ್ದವ್ನೇ ಅಲ್ಲ ನಾನು!”

“ಇನ್ನೂ ಜೋರಾಗಿ ಓಡ್ಸು!”

“ಅಲ್ಲ ಕಣೇ, ಅವನೇ ಕೊಂದಿದ್ರೆ ಈ ಹುಡ್ಗಿನ ಯಾಕ್ ಎತ್ಕಂಡೋಯ್ತಾನೆ?”

“ಮರುಳಸಿದ್ದಯ್ಯನೋರು ಸತ್ತ ದಿನ ಮನೇಲಿದ್ದೋರು ಯಾರು? ಗುರುಶಾಂತಮ್ಮ ಜವಳಿಗೆ ತಿಪಟೂರಿಗೆ ಹೋಗಿದ್ರು. ಇದ್ದದ್ದು ಅಪ್ಪ ಮಗಳು ಇಬ್ರೇ. ಅವಳೇನೋ ನೋಡಿದ್ದಾಳೆ ಪರಮೇಶ! ಇಷ್ಟ್ ದಿನ ಹೇಳಿಲ್ಲ!”

ತೆಂಗಿನ ಸಾಲು ಎರಡೂ ಬದಿಯಲ್ಲಿ ಹಿಂದಕ್ಕೆ ಓಡಿತು. ಸೋನೆ ಮುಖಕ್ಕೆ ಚುಚ್ಚುತ್ತಿತ್ತು. ಮುಂದೆ ಕಾಯಿ ತುಂಬಿದ ಟ್ರ್ಯಾಕ್ಟರ್. ಪರಮೇಶ್ ಅದನ್ನು ಎಡಗಡೆಯಿಂದ ದಾಟಿದ. ಟ್ರ್ಯಾಕ್ಟರಿನವನು ಇಬ್ಬರ ವಂಶವನ್ನೂ ಬೈದ. ದಿಬ್ಬ ಹತ್ತಿದಾಗ, ದೂರದಲ್ಲಿ, ತಿರುವಿನಲ್ಲಿ, ಬಿಳಿಯದೊಂದು ಮಿಂಚಿ ಮರೆಯಾಯಿತು.

“ಅದೇ! ಅದೇ ಓಮ್ನಿ!”

ಶಿಫಾಳ ಫೋನು ಹೊಡೆದುಕೊಂಡಿತು. ಗೊತ್ತಿಲ್ಲದ ನಂಬರು.

“ಅಕ್ಕಾ...” ಉಸಿರಿನ ನಡುವೆ ತುಂಡು ತುಂಡಾದ ದನಿ.

“ವರ್ಷಿಣಿ! ಎಲ್ಲಿದ್ದೀಯ? ಹೆದರ್ಬೇಡ, ಹಿಂದೇನೇ ಬತ್ತಾ ಇದ್ದೀವಿ!”

“ಚಿಲಕದ ಮಾತು... ಜಗಲೀಗೆ ಕೇಳಿಸ್ತು ಅಕ್ಕ. ಚಿಕ್ಕಪ್ಪ ಹಾಕಿಲ್ಲ.” ಉಸಿರು. “ಹಾಕಿದ್ದು ನಾನು.”

ಶಿಫಾಳ ಕೈ ಪರಮೇಶನ ಹೆಗಲನ್ನು ಗಟ್ಟಿಯಾಗಿ ಹಿಡಿಯಿತು. “ಏನಂದೆ?”

“ಅಪ್ಪನೇ ಹೇಳಿದ್ರು. ಹೊಗೆ ಹಾಕ್ತಾ ಇದ್ದೀನಿ, ನಿಂಗೆ ಆಗಲ್ಲ, ಹೊರಗಿಂದ ಚಿಲಕ ಹಾಕು ಅಂದ್ರು. ಹಾಕ್ದಿದ್ರೆ ಆ ಬಾಗ್ಲು... ನಿಲ್ಲಲ್ಲ ಅಕ್ಕ, ತಂತಾನೇ ತೆರ್ಕಂಡ್ಬಿಡುತ್ತೆ. ಕಾಯಿ ತಿರುವಿ ಕೂಗ್ತೀನಿ, ತೆಗಿ ಅಂದ್ರು. ಯಾವಾಗ್ಲೂ ಹಂಗೇ ಮಾಡ್ತಿದ್ವಿ. ಅವತ್ತು ಸಿಪ್ಪೆ ಒದ್ದೆ ಇತ್ತು. ಅಪ್ಪ ಕೂಗಿದ್ರು. ಓಡಿ ಬಂದೆ ಅಕ್ಕ. ಓಡಿದ್ದಕ್ಕೇ... ತಲೆ ತಿರುಗಿ... ಅಲ್ಲೇ ಬಿದ್ದೆ. ಬಾಗ್ಲ ಮುಂದೇನೇ ಬಿದ್ದೆ.”

ಮಸಿಯ ಮೇಲಿನ ಅಂಗೈಗಳು ಶಿಫಾಳ ಕಣ್ಣ ಮುಂದೆ ಬಂದವು. ಹಲಗೆಯ ಒಳಗೆ ಬಡಿಯುತ್ತಿದ್ದ ಅಪ್ಪ. ಹಲಗೆಯ ಹೊರಗೆ ಎಚ್ಚರ ತಪ್ಪಿದ ಮಗಳು. ನಡುವೆ ಒಂದು ಚಿಲಕ.

“ನೀನು ಕೊಂದಿಲ್ಲ ವರ್ಷಿಣಿ! ಕೇಳಿಸ್ತಾ? ಅದು ನಿನ್ನ ಕಾಯಿಲೆ. ತಪ್ಪಲ್ಲ!”

“ಎದ್ದಾಗ ಬಾಗ್ಲು ತೆಗ್ದಿತ್ತು. ಅಪ್ಪ ಹೊಸ್ಲ ಮೇಲಿದ್ರು. ಕೈ ಆಡ್ತಿತ್ತು ಅಕ್ಕ, ಬೆರಳು... ನನ್ ಕಡೆ... ಚಿಕ್ಕಪ್ಪ ಪಕ್ಕದಲ್ಲೇ...”

“ಪಕ್ಕದಲ್ಲೇ? ಏನ್ ಮಾಡ್ತಿದ್ರು? ವರ್ಷಿಣಿ!”

ಏನೋ ಜಾರಿ ಬಿದ್ದ ಸದ್ದು. ಆಮೇಲೆ ಬ್ರೇಕಿನ ಕಿರುಚಾಟ, ಎಷ್ಟು ಉದ್ದವೆಂದರೆ ಫೋನಿನಲ್ಲೂ ಕೇಳಿಸಿತು, ಮುಂದಿನ ತಿರುವಿನಾಚೆಯಿಂದಲೂ ಕೇಳಿಸಿತು. ಬಾಗಿಲು ತೆರೆದ ಶಬ್ದ. ಯಾರೋ ಫೋನು ಎತ್ತಿಕೊಂಡು ಏದುಸಿರು ಬಿಟ್ಟರು.

“ಶಿಫಾನಾ? ಶಿಫಾನೇನಮ್ಮಾ?” ಸದಾಶಿವಯ್ಯನ ದನಿ ಚೂರಾಗಿತ್ತು. “ಮಗು ತುಟಿ ನೀಲಿಗಟ್ಟೋಯ್ತು ಕಣಮ್ಮಾ! ಉಸ್ರಾಡ್ತಿಲ್ಲ! ಏನ್ ಮಾಡ್ಲಿ ಹೇಳು, ಬೇಗ ಹೇಳು! ಅಣ್ಣನ್ನ ನಿಂತ್ಕಂಡು ನೋಡ್ದಂಗೆ ಇವ್ಳನ್ನೂ ನೋಡಕಾಗಲ್ಲ ನನ್ ಕೈಲಿ!”